ಕಲ್ಲಿನ ಬೆನ್ನ ಮೇಲಿದ್ದ ಬಾಣ

ಕಲ್ಲು ಅಲ್ಲಾಡುತ್ತಿತ್ತು. ಎರಡಡಿ ಉದ್ದ, ಎರಡಡಿ ಅಗಲದ ಸುಣ್ಣಕಲ್ಲಿನ ಚಪ್ಪಡಿ. ಮರಳುಚೀಲಗಳ ಮೇಲೆ ಹೇಗೆ ಕೂರಿಸಿದರೂ ಒಂದು ಮೂಲೆ ಒತ್ತಿದರೆ ಎದುರಿನ ಮೂಲೆ ಏಳುತ್ತಿತ್ತು. ಅದರ ಬೆನ್ನಿನ ನಡುವೆ ದೊಡ್ಡದೊಂದು ಉಬ್ಬು ಇತ್ತು. ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಕೂರುವವನಿಗೆ ಇಂಥ ಕಲ್ಲು ಕೊಟ್ಟರೆ ಹೇಗಿರುತ್ತದೆಂದು ಗೊತ್ತಾಗಬೇಕಾದರೆ ಓಡುವ ಬಸ್ಸಿನಲ್ಲಿ ಸೂಜಿಗೆ ದಾರ ಪೋಣಿಸಿ ನೋಡಬೇಕು. ಆ ಉಬ್ಬನ್ನು ತೆಗೆದೇ ಕೆಲಸ ಶುರುಮಾಡಬೇಕೆಂದು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟೆ.

ನಾನು ದೆಹಲಿಯ ಒಂದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸುವ ಕೆಲಸದವನು. ವಿದ್ಯಾರ್ಥಿಗಳು ಮರುಭೂಮಿಯಿಂದಲೋ ಬೆಟ್ಟದಿಂದಲೋ ಕಲ್ಲು ತರುತ್ತಾರೆ, ನಾನು ಅದರೊಳಗಿನ ಜೀವಿಯ ಮೇಲಿನ ಮಣ್ಣು, ಕಲ್ಲು ತೆಗೆದು ಕೊಡುತ್ತೇನೆ. ಹೆಸರು ಇಡುವವರು, ಲೇಖನ ಬರೆಯುವವರು ಅವರು. ವಿಭಾಗದಲ್ಲಿ ಎಲ್ಲರಿಗೂ ನಾನು ‘ಭಯ್ಯಾ’. ಧಾರವಾಡದಿಂದ ಬಂದಿದ್ದ ಒಬ್ಬ ಸಂಶೋಧಕಿ ಮಾತ್ರ ಅಣ್ಣ ಎನ್ನುತ್ತಿದ್ದಳು. ಈ ಕಲ್ಲು ಅವಳದು.

ರಾಜಸ್ಥಾನದ ಪಶ್ಚಿಮ ತುದಿಯ ಒಂದು ಕಲ್ಲುಗಣಿಯಲ್ಲಿ ಅವಳಿಗೆ ಅದು ಸಿಕ್ಕಿತ್ತು. ಕೆನೆಯಂಥ ನುಣುಪು ಸುಣ್ಣಕಲ್ಲು. ಮೇಲ್ಮೈಯನ್ನು ಬೆರಳುಗುರಿನಷ್ಟು ದಪ್ಪದ ಗಟ್ಟಿ ಮಣ್ಣು ಮುಚ್ಚಿತ್ತು. ಆ ಮಣ್ಣಿನಿಂದ ಅಲ್ಲಲ್ಲಿ ನೂಲಿನಂಥ ಮೂರು ನಾಲ್ಕು ಗೆರೆಗಳು ಹೊರಗೆ ಇಣುಕುತ್ತಿದ್ದವು. ಅವು ಬ್ರಿಟಲ್ ಸ್ಟಾರ್‌ಗಳ ತೋಳುಗಳು. ನಕ್ಷತ್ರಮೀನಿನ ದಾಯಾದಿ ಎನ್ನಬಹುದಾದ ಪ್ರಾಣಿ ಇದು. ನಡುವೆ ಗುಂಡಿಯಂಥ ಪುಟ್ಟ ಮೈ, ಸುತ್ತ ಹಾವಿನಂತೆ ಬಳುಕುವ ಐದು ತೋಳು. ಸತ್ತರೆ ಕೆಲವೇ ದಿನಗಳಲ್ಲಿ ತೋಳುಗಳು ಗಸಗಸೆ ಚೆಲ್ಲಿದಂತೆ ಚೂರುಚೂರಾಗಿ ಉದುರಿಹೋಗುತ್ತವೆ. ಇಡಿಯಾಗಿ ಸಿಕ್ಕಿದೆಯೆಂದರೆ, ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಜೀವಂತವಾಗಿದ್ದಾಗಲೇ ಕೆಸರು ಬಂದು ಮುಚ್ಚಿದೆ ಎಂದರ್ಥ.

ಆ ಸಂಶೋಧಕಿಗೆ ಬೇಕಾಗಿದ್ದುದು ಪ್ರಾಣಿಗಳು ಮಾತ್ರವಲ್ಲ, ಅವು ಮಲಗಿದ್ದ ದಿಕ್ಕು. ನೀರು ರಭಸವಾಗಿ ಹರಿದಾಗ ಅವುಗಳ ತೋಳುಗಳು ಹರಿವಿನ ಕಡೆಗೆ ಬಾಚಿದಂತೆ ಒರಗುತ್ತವೆ. ಕಲ್ಲು ನೆಲದಲ್ಲಿದ್ದಾಗ ಉತ್ತರ ಎತ್ತ ಇತ್ತೆಂದು ಗೊತ್ತಿದ್ದರೆ ಆ ಕಾಲದ ನೀರು ಎತ್ತ ಹರಿದಿತ್ತೆಂದೂ ಹೇಳಬಹುದು. ಇದಕ್ಕಾಗಿ ಕಲ್ಲು ಎತ್ತುವ ಮೊದಲು ದಿಕ್ಸೂಚಿ ಇಟ್ಟು ಉತ್ತರಕ್ಕೆ ಬಾಣ ಬರೆಯುವುದು ನಮ್ಮಲ್ಲಿ ಪದ್ಧತಿ. ಮೇಲ್ಮೈಯಲ್ಲಿ ಪಳೆಯುಳಿಕೆ ಇದ್ದುದರಿಂದ ಅವಳು ಅಂಚಿನಲ್ಲಿ ಗೆರೆ ಹಾಕಿಕೊಂಡು, ಕಲ್ಲನ್ನು ಎತ್ತಿ ನಿಲ್ಲಿಸಿ, ಬೆನ್ನಿನ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ಬಾಣ ಬರೆದಿದ್ದಳು. ಆಮೇಲೆ ಗಣಿಯವರು ಸಾಗಿಸಲು ಅನುಕೂಲವಾಗಲಿ ಎಂದು ನಾಲ್ಕೂ ಕಡೆ ಗರಗಸ ಹಾಕಿ ಚೌಕ ಮಾಡಿಕೊಟ್ಟರು. ಅಂಚಿನ ಗೆರೆಗಳು ಅಲ್ಲಿಯೇ ಹೋದವು. ಅವಳ ನೋಟ್‌ಬುಕ್ಕಿನಲ್ಲಿ ಉಳಿದದ್ದು ಒಂದು ಚೌಕ, ಅದರ ಮೇಲೊಂದು ಬಾಣ. ನಾಲ್ಕೂ ಬದಿ ಒಂದೇ ಥರ ಇರುವ ಕಲ್ಲಿಗೆ ಆ ಚಿತ್ರ ಏನನ್ನೂ ಹೇಳುತ್ತಿರಲಿಲ್ಲ.

“ಫೋಟೋ ತೆಗೆದಿಲ್ವಾ?” ಎಂದು ಕಲ್ಲು ಬಂದ ದಿನವೇ ಕೇಳಿದ್ದೆ.

“ಟೆಂಪೋ ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ದ ಅಣ್ಣ. ಇರಲಿ, ಬಾಣ ಕಲ್ಲಿನ ಮೇಲೇ ಇದೆಯಲ್ಲ, ಅದೆಲ್ಲಿ ಹೋಗುತ್ತೆ?”

ನಾನು ದೊಡ್ಡವನಂತೆ ಬೈದೆ. ಗೋಡೆಯ ಕಡೆ ಬೆರಳು ತೋರಿಸಿದೆ. ಅಲ್ಲಿ ನನ್ನದೇ ಕೈಬರಹದಲ್ಲಿ ಒಂದು ಹಾಳೆ ಅಂಟಿಸಿತ್ತು: ಯಾವ ಕಲ್ಲೇ ಬರಲಿ, ಮುಟ್ಟುವ ಮೊದಲು ಆರೂ ಮುಖದ ಫೋಟೋ. ಅವಳ ಎದುರೇ ಐದು ಮುಖಗಳ ಫೋಟೋ ತೆಗೆದೆ. ಆರನೆಯದಕ್ಕೆ ಕಲ್ಲು ಮಗುಚಬೇಕು, ಮಗುಚಲು ನಾಲ್ಕು ಜನ ಬೇಕು. ಇಳಿಸಿಕೊಟ್ಟ ಗಾರ್ಡ್‌ಗಳು ಆಗಲೇ ಗೇಟಿಗೆ ವಾಪಸ್ ಹೋಗಿದ್ದರು. ನಾಳೆ ತೆಗೆದರಾಯಿತು ಎಂದುಕೊಂಡೆ. ಇಳಿಸುವಾಗ ಆ ಬಾಣವನ್ನು ನಾನೂ ಒಂದು ಕ್ಷಣ ನೋಡಿದ್ದೆ. ಬೆನ್ನಿನ ಮೇಲೆ ಒಂದು ಬದಿಯಿಂದ ಎದುರು ಬದಿಯವರೆಗೆ ತುಕ್ಕಿನ ಬಣ್ಣದ ಗೆರೆಯೊಂದಿತ್ತು. ಬಾಣ ಆ ಗೆರೆಯ ಪಕ್ಕದಲ್ಲೇ, ಅದರ ಜೊತೆಗೇ ಸಾಗಿತ್ತು. ಅಷ್ಟು ಮಾತ್ರ ಕಣ್ಣಿನಲ್ಲಿ ಉಳಿದಿತ್ತು.

ಮುಂದಿನ ವಾರ ಅವಳು ತಾಯಿಯ ಕಣ್ಣಿನ ಆಪರೇಷನ್ ಎಂದು ಧಾರವಾಡಕ್ಕೆ ಹೋದಳು. ನವೆಂಬರ್ ಶುರುವಾಗಿತ್ತು. ಜನಕಪುರಿಯ ನನ್ನ ಮನೆಯ ಬಾಲ್ಕನಿಯಿಂದ ಎದುರಿನ ನೀರಿನ ಟ್ಯಾಂಕ್ ಕಾಣದಷ್ಟು ಹೊಗೆ. ಪ್ರತಿ ವರ್ಷದಂತೆ ಆ ಸಲವೂ ನೋಟಿಸ್ ಬಂತು. ನಾಳೆಯಿಂದ, ಮುಂದಿನ ಆದೇಶದವರೆಗೆ, ಹೊರಾಂಗಣದಲ್ಲಿ ಕಲ್ಲು ಕತ್ತರಿಸುವುದು, ಉಜ್ಜುವುದು ಬಂದ್. ನಮ್ಮ ಗರಗಸ, ಗ್ರೈಂಡರ್ ಎಲ್ಲ ಇರುವುದು ಹಿತ್ತಲಿನ ಶೆಡ್ಡಿನಲ್ಲಿ. ಒಮ್ಮೆ ಬೀಗ ಬಿದ್ದರೆ ಜನವರಿಯವರೆಗೆ ತೆಗೆಯುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟವನ್ನೂ ಮಾಡದೆ ಇಬ್ಬರು ಗಾರ್ಡ್‌ಗಳನ್ನೂ ಇಬ್ಬರು ಮಾಲಿಗಳನ್ನೂ ಕರೆತಂದು ಕಲ್ಲನ್ನು ಶೆಡ್ಡಿಗೆ ಒಯ್ದೆ. ಪಳೆಯುಳಿಕೆಯ ಕಡೆಗೆ ಫೋಮ್ ಹಾಸಿ ಮಗುಚಿದೆವು. ಬೆನ್ನಿಗೆ ಮರಳುಚೀಲಗಳಿಂದ ಮೆತ್ತಿಕೊಂಡ ಒದ್ದೆ ಮಣ್ಣು ಒಣಗಿ ಕೂತಿತ್ತು. ನೀರು ಬಿಟ್ಟುಕೊಂಡು ಗ್ರೈಂಡರ್ ಹಿಡಿದೆ. ಹತ್ತು ನಿಮಿಷದಲ್ಲಿ ಉಬ್ಬು ಅರ್ಧ ಇಳಿಯಿತು. ಆ ಹೊತ್ತಿನಲ್ಲಿ ನನಗೆ ನನ್ನ ಕೈ ಮೇಲೆ ಎಷ್ಟು ಮೆಚ್ಚುಗೆಯೆಂದರೆ, ಕೆಲಸ ನೋಡಲು ಯಾರಾದರೂ ಪಕ್ಕದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು. ಬಾಣದ ನೆನಪೇ ಬರಲಿಲ್ಲ. ಇದಕ್ಕೆ ನಾನು ಕೊಡಬಹುದಾದ ವಿವರಣೆ ಇಷ್ಟೇ, ಬೇರೆ ಏನು ಹೇಳಿದರೂ ನೆಪವಾಗುತ್ತದೆ.

ಬೂದು ಬಣ್ಣದ ಕೆಸರುನೀರಿನಲ್ಲಿ ಕೆಂಪು ಎಳೆಯೊಂದು ಹರಿದುಬಂತು. ಕೈ ಕುಯ್ದುಕೊಂಡೆನೇನೋ ಎಂದು ಗ್ರೈಂಡರ್ ಆರಿಸಿ, ಗವಸು ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡೆ. ಎಲ್ಲವೂ ಸರಿಯಾಗಿದ್ದವು. ಆಗ ಬಾಣ ನೆನಪಾಯಿತು. ಪೈಪಿನಿಂದ ನೀರು ಹೊಡೆದು ಬೆನ್ನು ಪೂರ್ತಿ ತೊಳೆದೆ. ತುಕ್ಕಿನ ಗೆರೆ ಇತ್ತು. ಅದರ ಪಕ್ಕ, ನಾನು ಉಜ್ಜಿ ನುಣ್ಣಗೆ ಮಾಡಿದ ಜಾಗದ ಆಚೆ, ಕೆಂಪು ಬಣ್ಣದ ಎರಡು ಚುಕ್ಕೆ ಉಳಿದಿದ್ದವು. ಅವು ಬಾಣದ ತಲೆಯೋ ಬಾಲವೋ ದೇವರಿಗೇ ಗೊತ್ತು.

ಗಾರ್ಡ್‌ಗಳು ಬೀಡಿ ಹಚ್ಚಲು ಹೋಗಿದ್ದರು. ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದೇ ಮಾಡಿದ್ದು. ಎರಡನೇ ರಿಂಗಿಗೇ ಎತ್ತಿದಳು.

“ಅಣ್ಣ, ಅಮ್ಮನ ಆಪರೇಷನ್ ಚೆನ್ನಾಗಾಯ್ತು. ಈಗಷ್ಟೇ ಹೊರಗೆ ಕರ್ಕೊಂಡು ಬಂದ್ರು. ಕಲ್ಲು ಹೇಗಿದೆ?”

“ಚೆನ್ನಾಗಿದೆ” ಎಂದೆ. “ಬೆನ್ನು ಸಮ ಮಾಡಿದೆ. ಇನ್ನು ಅಲ್ಲಾಡಲ್ಲ.”

“ನೀವಿದ್ದೀರಲ್ಲ, ನನಗೆ ಚಿಂತೆಯೇ ಇಲ್ಲ ಬಿಡಿ.”

ಅಮ್ಮನನ್ನು ನೋಡಿಕೋ ಎಂದು ಹೇಳಿ ಫೋನ್ ಇಟ್ಟೆ. ಆಸ್ಪತ್ರೆಯಲ್ಲಿ ಇರುವವಳಿಗೆ ಈಗ ಯಾಕೆ ಹೇಳುವುದು, ವಾಪಸ್ ಬರಲಿ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ಸಂಜೆಯೊಳಗೆ ನಾನು ಮಾಡಿದ ಕೆಲಸಕ್ಕೆ ಆ ಸಮಾಧಾನದ ಹೊದಿಕೆ ಸಾಲದು. ಬೀರುವಿನಿಂದ ಕೆಂಪು ಪೇಂಟ್ ಡಬ್ಬಿ ತೆಗೆದೆ. ತುಕ್ಕಿನ ಗೆರೆಯ ಪಕ್ಕದಲ್ಲಿ, ಎರಡು ಚುಕ್ಕೆಗಳನ್ನೂ ಸೇರಿಸಿಕೊಂಡು ಬಾಣ ಬರೆದೆ. ತಲೆ ಈ ಕಡೆಗೋ ಆ ಕಡೆಗೋ? ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಒಂದು ಸಲ ಈ ಕಡೆ ಕಂಡಿತು, ಇನ್ನೊಂದು ಸಲ ಆ ಕಡೆ. ಕೊನೆಗೆ ಒಂದು ಕಡೆಗೆ ಬರೆದೆ. ಬರೆದು ಮುಗಿಸಿದ ಮೇಲೆ ಅದೇ ಸರಿ ಎಂದು ಅನ್ನಿಸತೊಡಗಿತು. ಬಣ್ಣ ಒಣಗುವ ಹೊತ್ತಿಗೆ ನಂಬಿಯೂ ಬಿಟ್ಟಿದ್ದೆ.

ಮುಂದಿನ ಮೂರು ತಿಂಗಳು ನಾನು ಮಾಡಿದ ಕೆಲಸ ನನ್ನ ಜೀವಮಾನದಲ್ಲೇ ಅತ್ಯುತ್ತಮವಾದದ್ದು. ಹೀಗೆ ಹೇಳಿಕೊಳ್ಳಲು ಈಗ ನಾಚಿಕೆಯಾದರೂ ಅದು ನಿಜ. ಬ್ರಿಟಲ್ ಸ್ಟಾರ್‌ನ ಮೈಯೂ ಸುಣ್ಣ, ಸುತ್ತಲಿನ ಕಲ್ಲೂ ಸುಣ್ಣ. ಆಮ್ಲ ಹಾಕಿದರೆ ಎರಡನ್ನೂ ಒಟ್ಟಿಗೇ ತಿಂದುಹಾಕುತ್ತದೆ. ಹಾಗಾಗಿ ಎಲ್ಲವೂ ಕೈಯಲ್ಲೇ ಆಗಬೇಕು. ಕರೋಲ್ ಬಾಗ್‌ನ ಅಕ್ಕಸಾಲಿಗರ ಸಾಮಾನಿನ ಅಂಗಡಿಯಿಂದ ಸೂಜಿ ಹಿಡಿಯುವ ಚಿಕ್ಕ ಹಿಡಿಕೆಗಳನ್ನು ತಂದು, ಹೊಲಿಗೆ ಯಂತ್ರದ ಸೂಜಿಗಳನ್ನು ಸಾಣೆ ಹಿಡಿದು ಅವಕ್ಕೆ ಸಿಕ್ಕಿಸಿಕೊಂಡೆ. ಮೇಲಿನ ಗಟ್ಟಿ ಮಣ್ಣನ್ನು ಸೂಜಿಯಿಂದ ಚಕ್ಕೆಚಕ್ಕೆಯಾಗಿ ಎಬ್ಬಿಸುವುದು. ತೋಳು ಹತ್ತಿರ ಬಂತು ಅನ್ನಿಸಿದೊಡನೆ ಸೂಜಿ ಕೆಳಗಿಟ್ಟು, ಗಾಜಿನ ಪೆಟ್ಟಿಗೆಯೊಳಗೆ ಸೋಡಾ ಪುಡಿಯನ್ನು ಗಾಳಿಯ ಜೊತೆ ಊದಿ ಉಳಿದ ಮಣ್ಣು ಹಾರಿಸುವುದು. ಸೋಡಾ ಪುಡಿ ಸುಣ್ಣಕ್ಕಿಂತ ಮೆದು, ಮಣ್ಣನ್ನು ತೆಗೆದು ತೋಳನ್ನು ಬಿಡುತ್ತದೆ. ಅದೂ ಹೆಚ್ಚು ಹೊತ್ತು ಊದಿದರೆ ತೋಳಿನ ಪಕ್ಕದ ಮುಳ್ಳುಗಳು ಸವೆಯುತ್ತವೆ. ದಿನಕ್ಕೆ ಒಂದು ಬೆರಳಿನಷ್ಟು ಜಾಗ ಬಿಡಿಸಿದರೆ ದೊಡ್ಡದು.

ಮೂರನೇ ವಾರ ಒಂದು ತೋಳು ತುಂಡಾಯಿತು. ಹನ್ನೊಂದು ಚೂರು. ಎಲ್ಲವನ್ನೂ ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಅದದೇ ಜಾಗಕ್ಕೆ ಕೂರಿಸಿ ಅಂಟು ಹಾಕಲು ನಾಲ್ಕು ದಿನ ಹಿಡಿಯಿತು. ಊರಿಂದ ಬಂದ ಸಂಶೋಧಕಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆ ತುಂಡಾದ ತೋಳಿನ ವಿಷಯ ನಾನು ತಕ್ಷಣ ಹೇಳಿದ್ದೆ. ಕೂಡಿಸಲು ಬರುವ ತಪ್ಪನ್ನು ಒಪ್ಪಿಕೊಳ್ಳುವುದು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಜನವರಿ ಮುಗಿಯುವಷ್ಟರಲ್ಲಿ ಇಪ್ಪತ್ಮೂರು ಪ್ರಾಣಿಗಳು ಹೊರಬಂದವು. ಎಲ್ಲದರ ತೋಳುಗಳೂ ಒಂದೇ ಕಡೆಗೆ ಒರಗಿದ್ದವು. ಅವಳು ಒಂದೊಂದರ ಕೋನ ಅಳೆದು, ಬೆನ್ನಿನ ಬಾಣಕ್ಕೆ ಹೊಂದಿಸಿ ಲೆಕ್ಕ ಹಾಕಿದಳು. ಫಲಿತಾಂಶ ಬಂದ ದಿನ ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ತಾವೇ ಲ್ಯಾಬಿಗೆ ಇಳಿದುಬಂದರು. ಆ ಪ್ರದೇಶದಲ್ಲಿ ನೀರು ದಡದಿಂದ ಸಮುದ್ರದ ಕಡೆಗೆ ಹರಿದಿತ್ತೆಂದೇ ಎಲ್ಲರೂ ಬರೆದಿದ್ದರು. ಅವಳ ಕಲ್ಲು ಅದಕ್ಕೆ ತದ್ವಿರುದ್ಧ ಹೇಳುತ್ತಿತ್ತು, ಸಮುದ್ರದಿಂದ ದಡದ ಕಡೆಗೆ ಎಂದು.

“ಭಯ್ಯಾ, ಆಪ್‌ನೇ ತೋ ಕಮಾಲ್ ಕರ್ ದಿಯಾ” ಎಂದು ಪ್ರೊಫೆಸರ್ ನನ್ನ ಕೈಕೆಲಸ ಮೆಚ್ಚಿ ಬೆನ್ನು ತಟ್ಟಿದರು. ಅವಳಿಗೆ, “ಇದೇ ನಿನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯ. ಹೊರದೇಶದ ಸಮ್ಮೇಳನಕ್ಕೂ ಇದನ್ನೇ ಕಳಿಸು” ಎಂದರು.

ತದ್ವಿರುದ್ಧ ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಬಾಣ ತಿರುಗಾಮುರುಗಾ ಆಗಿದ್ದರೆ ಬರಬೇಕಾದ ಫಲಿತಾಂಶ ಅದೇ. ಹಾಗೆಂದು ನನ್ನ ಬಾಣ ತಪ್ಪೆಂದೂ ಅಲ್ಲ. ನಿಜವಾಗಿಯೂ ಅವಳು ಹೊಸದೊಂದನ್ನು ಕಂಡಿರಬಹುದು. ಯಾವುದೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ, ನಾನೂ ಸೇರಿದಂತೆ.

ಇನ್ನೊಂದು ಚಪ್ಪಡಿ ಸಿಕ್ಕರೆ ವಾದ ಗಟ್ಟಿಯಾಗುತ್ತದೆ ಎಂದು ಅವಳು ಫೆಬ್ರವರಿಯಲ್ಲಿ ಗಣಿಗೆ ಹೋದಳು. ನನಗೂ ಅದರಿಂದ ಜೀವ ಬಂದಂತಾಯಿತು. ಹೊಸ ಕಲ್ಲು ಬಂದರೆ ಹಳೆಯ ಬಾಣದ ಹಂಗೇ ಇಲ್ಲ. ನಾಲ್ಕು ದಿನ ಬಿಟ್ಟು ಬರಿಗೈಯಲ್ಲಿ ಬಂದಳು. ನಮ್ಮ ಕಲ್ಲು ಸಿಕ್ಕಿದ್ದ ಪದರವಿದ್ದ ಗೋಡೆಯನ್ನು ಗಣಿಯವರು ಹೊಸವರ್ಷದ ಹೊತ್ತಿಗೆ ಪೂರ್ತಿ ಕಡಿದು ಸಾಗಿಸಿದ್ದರು. “ಯಾರ ಮನೆ ನೆಲದಲ್ಲಿ ಇದೆಯೋ ಈಗ” ಎಂದು ನಕ್ಕಳು. ನಾನೂ ನಕ್ಕೆ.

ನಮ್ಮಲ್ಲಿ ಪ್ರತಿ ಕಲ್ಲಿಗೂ ಒಂದು ತಯಾರಿಕೆ ಪಟ್ಟಿ ಇರುತ್ತದೆ. ಯಾವ ದಿನ ಯಾವ ಉಪಕರಣ, ಎಲ್ಲಿ ಅಂಟು, ಎಲ್ಲಿ ದುರಸ್ತಿ ಎಲ್ಲವನ್ನೂ ಬರೆದು ಕೊನೆಗೆ ನಾನು ಸಹಿ ಹಾಕಬೇಕು. ಆಕೆ ಮಾರ್ಚ್‌ನಲ್ಲಿ ಬಂದು ಅದನ್ನು ಕೇಳಿದಳು.

“ಥೀಸಿಸ್ ಕೊನೆಗೆ ಅನುಬಂಧವಾಗಿ ಹಾಕ್ತೀನಿ ಅಣ್ಣ. ನಿಮ್ಮ ಕೆಲಸ ಎಲ್ಲರಿಗೂ ಕಾಣ್ಲಿ.”

ಪಟ್ಟಿ ತೆಗೆದೆ. ನವೆಂಬರಿನ ಆ ದಿನದ ಎದುರು ಜಾಗ ಖಾಲಿಯಿತ್ತು. ‘ಬೆನ್ನು ಸಮ ಮಾಡಿದ್ದು’ ಎಂದು ಬರೆದೆ. ಅದರ ಮುಂದಿನ ಅಂಕಣದಲ್ಲಿ ಕಲ್ಲು ಸಿಕ್ಕ ಜಾಗದಲ್ಲಿ ಹಾಕಿದ ಗುರುತುಗಳು ಉಳಿದಿವೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನಬೇಕು. ಪೆನ್ನು ಅಲ್ಲಿಗೆ ಬಂದು ನಿಂತಿತು. ಬಾಯಲ್ಲಿ ಹೇಳಿದ ಸುಳ್ಳಿಗೆ ಸಹಿ ಹಾಕುವ ಧೈರ್ಯ ನನಗೆ ಬರಲಿಲ್ಲ. ನಾಳೆ ಕೊಡುತ್ತೇನೆ ಎಂದು ಶುಕ್ರವಾರ ತಳ್ಳಿದೆ. ಶನಿವಾರ ರಜೆ ಹಾಕಿದೆ.

ಭಾನುವಾರ ಬೆಳಗ್ಗೆ ಮೆಟ್ರೋ ಹತ್ತಿದೆ. ಅವಳು ಓಲ್ಡ್ ರಾಜಿಂದರ್ ನಗರದಲ್ಲಿ, ಐಎಎಸ್‌ಗೆ ಓದುತ್ತಿದ್ದ ತನ್ನ ದೊಡ್ಡಪ್ಪನ ಮಗಳ ಜೊತೆ ರೂಮು ಮಾಡಿಕೊಂಡಿದ್ದಳು. ಫೋನ್ ಮಾಡಿದಾಗ ಕೆಳಗಿಳಿದು ಬಂದಳು. ಜೆರಾಕ್ಸ್ ಅಂಗಡಿಯ ಪಕ್ಕದ ಚಹಾದಂಗಡಿಯಲ್ಲಿ ನಿಂತೆವು. ಸುತ್ತಲೂ ನೋಟ್ಸ್ ಹಿಡಿದ ಹುಡುಗ ಹುಡುಗಿಯರು.

“ಭಯ್ಯಾ, ದೋ ಚಾಯ್” ಎಂದು ಅಂಗಡಿಯವನಿಗೆ ಹೇಳಿ ನನ್ನ ಕಡೆ ತಿರುಗಿದಳು. “ಏನಣ್ಣ, ಈ ಕಡೆ?”

“ಕರೋಲ್ ಬಾಗ್‌ಗೆ ಸೂಜಿ ತರೋಕೆ ಬಂದಿದ್ದೆ” ಎಂದೆ. ಆಮೇಲೆ, “ಇಲ್ಲ, ಸುಳ್ಳು. ನಿನ್ನ ಹತ್ರ ಮಾತಾಡೋಕೇ ಬಂದೆ” ಎಂದೆ. ಗ್ರೈಂಡರ್, ಕೆಂಪು ನೀರು, ಪೇಂಟ್ ಡಬ್ಬಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳು ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಲ್ಯಾಬಿನಲ್ಲಿ ಕೇಳುವ ಹಾಗೆ ಪ್ರಶ್ನೆ ಕೇಳಿದಳು.

“ನೀವು ಬರೆದ ಬಾಣ ಎಷ್ಟು ಖಚಿತ?”

“ಅರ್ಧ.”

“ತಲೆ ಯಾವ ಕಡೆಯೋ ಬಿಡಿ, ಉತ್ತರ-ದಕ್ಷಿಣ ಅನ್ನೋದಾದ್ರೂ ಖಚಿತಾನಾ?”

“ಆ ತುಕ್ಕಿನ ಗೆರೆ ಪಕ್ಕದಲ್ಲೇ ಇತ್ತು ಅಂತ ನೆನಪು ಕಣಮ್ಮಾ.”

“ನೆನಪಿನ ಮೇಲೆ ಕೋನದ ಡಿಗ್ರಿ ಹಾಕೋಕೆ ಆಗಲ್ಲ.” ಅಂಗಡಿಯವನಿಗೆ ಚಹಾದ ದುಡ್ಡು ಕೊಟ್ಟಳು. “ಯಾವತ್ತು ಆಗಿದ್ದು ಇದು? ನೀವು ಆಸ್ಪತ್ರೆಗೆ ಫೋನ್ ಮಾಡಿದ್ರಲ್ಲ, ಅವತ್ತಾ?”

“ಹೌದು.”

“ಅವತ್ತು ಗಣಿಯಲ್ಲಿ ಆ ಪದರ ಹಾಗೇ ಇತ್ತು ಅಣ್ಣ. ಡಿಸೆಂಬರ್ ಕೊನೇವರೆಗೂ ಇತ್ತಂತೆ. ಹೋಗಿ ಇನ್ನೊಂದು ಕಲ್ಲು ತರ್ತಿದ್ದೆ.”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಇಷ್ಟು ದಿನ ನನ್ನ ತಪ್ಪು ಗ್ರೈಂಡರಿನದು ಎಂದೇ ತಿಳಿದಿದ್ದೆ. ಹತ್ತು ನಿಮಿಷದ ಮರೆವಿಗೆ ಪರಿಹಾರ ಇತ್ತು. ಅವಳಿಂದ ಆ ಪರಿಹಾರವನ್ನು ಕಸಿದುಕೊಂಡದ್ದು ಆಮೇಲಿನ ನಾಲ್ಕು ತಿಂಗಳು ಮುಚ್ಚಿಕೊಂಡಿದ್ದ ನನ್ನ ಬಾಯಿ. ಕ್ಷಮಿಸು ಎಂದೆ. ಅವಳು ತಲೆ ಅಲ್ಲಾಡಿಸಿದಳು, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

“ಪ್ರೊಫೆಸರ್‌ಗೆ ನಾನೇ ಹೋಗಿ ಹೇಳ್ತೀನಿ” ಎಂದೆ.

“ಬೇಡ. ಮುಂದಿನ ತಿಂಗಳು ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಆಗಬೇಕಲ್ಲ. ಗುರುತಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ನಾನು ಹೇಳ್ತೀನಿ.”

ಎರಡನೇ ಸಲ ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಹಾಗೆ ಅವಳೇ ಹೇಳಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ವಾಪಸ್ ಬರುವಾಗ ಮೆಟ್ರೋದಲ್ಲಿ ನನಗೆ ಹಗುರವಾಗಿತ್ತು. ಆ ಹಗುರದ ಬಗ್ಗೆ ಈಗ ಅಸಹ್ಯವಾಗುತ್ತದೆ.

ಅವಳು ಅಧ್ಯಾಯ ತೆಗೆದಳು, ಸಮ್ಮೇಳನಕ್ಕೆ ಕಳಿಸಿದ್ದನ್ನೂ ಹಿಂದಕ್ಕೆ ಪಡೆದಳು. ಪ್ರೊಫೆಸರ್ ಎರಡು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಪ್ರಾಣಿಗಳ ವಿವರಣೆ, ಹೊಸ ಜಾತಿಯ ಹೆಸರು, ಇಷ್ಟನ್ನೇ ಇಟ್ಟುಕೊಂಡು ಥೀಸಿಸ್ ಬರೆದು ಕೊಟ್ಟಳು. ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಯಿತು. ಪಟ್ಟಿಯ ಆ ಅಂಕಣದಲ್ಲಿ ಇಲ್ಲ ಎಂದು ಬರೆದು ಸಹಿ ಹಾಕಿದೆ. ಅವಳು ಅದನ್ನು ಅನುಬಂಧದಲ್ಲಿ ಸೇರಿಸಲಿಲ್ಲ.

ಮರುವರ್ಷ ಅವಳ ಮೌಖಿಕ ಪರೀಕ್ಷೆ ನಡೆಯಿತು. ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ನಮ್ಮ ಚಪ್ಪಡಿ ಬಂದಾಗ ಸಭೆಯಲ್ಲಿ ಸಣ್ಣ ಗುಜುಗುಜು ಎದ್ದಿತು. ಅಷ್ಟು ಚೆಂದವಾಗಿತ್ತು. ಬೇರೆ ಊರಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು.

“ಇಪ್ಪತ್ಮೂರೂ ಒಂದೇ ಕಡೆ ಒರಗಿವೆ. ಇಂಥ ಕಲ್ಲು ಜೀವಮಾನದಲ್ಲಿ ಒಮ್ಮೆ ಸಿಕ್ಕೀತು. ಹರಿವಿನ ದಿಕ್ಕಿನ ಬಗ್ಗೆ ನಿಮ್ಮ ಥೀಸಿಸ್ಸಿನಲ್ಲಿ ಒಂದು ಸಾಲೂ ಇಲ್ಲವಲ್ಲ?”

“ಉತ್ತರದ ಗುರುತು ಉಳಿದಿಲ್ಲ ಸರ್.”

“ಬಾಣ ಬರೆಯುವುದನ್ನು ಬಿಎಸ್ಸಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಇದು ಅಕ್ಷಮ್ಯ ಅಜಾಗರೂಕತೆ. ನಿಮ್ಮದೇ ತಾನೆ?”

ಪ್ರೊಫೆಸರ್ ಮೇಜು ನೋಡುತ್ತಿದ್ದರು. ನನ್ನ ಎರಡೂ ಕೈ ಮೊಣಕಾಲ ಮೇಲಿದ್ದವು. ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು? ಮಾತು ಬಾಯಿಯ ತನಕ ಬಂದಿತ್ತು, ಇಂಗ್ಲಿಷಿನಲ್ಲಿ ಜೋಡಿಸಿಯೂ ಇಟ್ಟುಕೊಂಡಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನಾನು ಅಲ್ಲಿದ್ದೇನೆಂದು ಅವಳಿಗೆ ಗೊತ್ತಿತ್ತು.

“ಹೌದು ಸರ್” ಎಂದಳು. “ನನ್ನ ತಪ್ಪು.”

ಪರೀಕ್ಷಕರು ಏನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ನಾನು ಕೂತೇ ಇದ್ದೆ.

ಒಂದು ಗಂಟೆಯ ನಂತರ ಅವಳಿಗೆ ಡಾಕ್ಟರೇಟ್ ಶಿಫಾರಸು ಮಾಡಿದರು. ಚಪ್ಪಾಳೆಯಾಯಿತು. ಅವಳು ಧಾರವಾಡದಿಂದ ತರಿಸಿದ್ದ ಪೇಡಾದ ಡಬ್ಬಿ ಹಿಡಿದು ಸಾಲುಸಾಲಾಗಿ ಹಂಚುತ್ತ ಹಿಂದಿನ ಸಾಲಿಗೂ ಬಂದಳು. ನನ್ನ ಮುಂದೆ ಡಬ್ಬಿ ಹಿಡಿದು, “ತಗೊಳ್ಳಿ ಅಣ್ಣ” ಎಂದಳು. ನಾನು ತಗೊಂಡೆ.